ಡ್ಯೂಟಿ ಫ್ರೀ ಕ್ಯಾಮೆರಾದ ಲೆಕ್ಕ

ಗೋಕಾಕದ ಕಡೆಯವರು ವಿದೇಶಕ್ಕೆ ಹೊರಟರೆಂದರೆ ಮನೆಯಲ್ಲಿ ಮೊದಲು ತೂಕಕ್ಕೆ ಬೀಳುವುದು ಕರದಂಟಿನ ಡಬ್ಬಿ. ಮಗ ಜರ್ಮನಿಯಲ್ಲಿ ಓದುತ್ತಿರಲಿ, ಮಗಳು ಅಳಿಯ ನ್ಯೂಜೆರ್ಸಿಯಲ್ಲಿರಲಿ, ಡಬ್ಬಿ ಒಂದೆರಡು ಕಿಲೊ ಹೆಚ್ಚಾಗಿಯೇ ಇರುತ್ತದೆ. ಅದಕ್ಕಾಗಿ ಸ್ವೆಟರ್ ಒಂದು ಮನೆಯಲ್ಲೇ ಉಳಿದರೂ ಸೈ. ಎರಡನೆಯ ಚರ್ಚೆ ಕ್ಯಾಮೆರಾದ್ದು. ಮೂರು ತಿಂಗಳು ಅಲ್ಲಿರುವುದು, ನಯಾಗರ ನೋಡುವುದು, ಮೊಮ್ಮಗುವಿನ ಹುಟ್ಟುಹಬ್ಬ ಆಗುವುದು. ಫೋನ್ ಸಾಲದು, ಒಂದು ಒಳ್ಳೆಯ ಕ್ಯಾಮೆರಾ ಬೇಕು. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಇಲ್ಲ್ಯಾಕ ತಗೋತಿ? ಏರ್‌ಪೋರ್ಟ್‌ನ್ಯಾಗ ಟ್ಯಾಕ್ಸ್ ಇರೂದಿಲ್ಲ, ಅಲ್ಲೇ ತಗೊಂಡ್ರಾತು ಬಿಡು."

ಈ ಸಲಹೆ ಪೂರ್ತಿ ಸುಳ್ಳಲ್ಲ, ಹಳತಾಗಿದೆ ಅಷ್ಟೆ. ಅದು ಹುಟ್ಟಿದ ಕಾಲವೇ ಬೇರೆ, ಆಗಿನ ತೆರಿಗೆಯೇ ಬೇರೆ, ಅಂಗಡಿಗಳೇ ಬೇರೆ.

ಮೊದಲ ತೊಡಕು ಭೂಗೋಳದ್ದು. ಗೋಕಾಕ, ಮೂಡಲಗಿ, ಹುಕ್ಕೇರಿಯವರಿಗೆ ಹತ್ತಿರದ ವಿಮಾನ ನಿಲ್ದಾಣ ಬೆಳಗಾವಿಯ ಸಾಂಬ್ರಾ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಈ ನಿಲ್ದಾಣದಿಂದ ಬೆಂಗಳೂರು, ಹೈದರಾಬಾದು, ಮುಂಬೈ, ದೆಹಲಿಯಂಥ ದೇಶದೊಳಗಿನ ಊರುಗಳಿಗೆ ಮಾತ್ರ ವಿಮಾನ. ಡ್ಯೂಟಿ ಫ್ರೀ ಅಂಗಡಿ ಇರುವುದು ಅಂತರರಾಷ್ಟ್ರೀಯ ನಿಲ್ದಾಣದಲ್ಲಿ, ಅದೂ ಇಮಿಗ್ರೇಷನ್ ದಾಟಿದ ಮೇಲೆ. ಹೀಗಾಗಿ 'ಏರ್‌ಪೋರ್ಟಿನಲ್ಲಿ ಕೊಳ್ಳುವುದು' ಅಂದರೆ ಮುಂಬೈಯ ಟರ್ಮಿನಲ್ 2, ಬೆಂಗಳೂರಿನ ಟರ್ಮಿನಲ್ 2 ಅಥವಾ 2023ರ ಜನವರಿಯಲ್ಲಿ ವಿಮಾನ ಹಾರಾಟ ಆರಂಭಿಸಿದ ಗೋವಾದ ಮೋಪಾ. ಅಲ್ಲಿ ಕ್ಯಾಮೆರಾ ಇದ್ದರೆ ಕೊಳ್ಳಬಹುದು. ಇಲ್ಲದಿದ್ದರೆ ಹಿಂದಿರುಗಿ ಬೆಳಗಾವಿಯ ಅಂಗಡಿಗೆ ಬರಲಾಗದು. ಪಾಸ್‌ಪೋರ್ಟ್ ಮೇಲೆ ಠಸ್ಸೆ ಬಿದ್ದಾಗಿರುತ್ತದೆ.

ನಂಬಿಕೆ ಬಂದದ್ದಾದರೂ ಎಲ್ಲಿಂದ? 1960, 70ರ ದಶಕದ ಮಧ್ಯಮ ವರ್ಗದ ಮನೆಗಳನ್ನು ನೆನೆಸಿಕೊಳ್ಳಿ. ಕ್ಯಾಮೆರಾ ಎಂದರೆ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಅದಕ್ಕಿಂತ ಮೇಲಿನದು ಬೇಕೆಂದರೆ ಪರದೇಶದ್ದೇ ಆಗಬೇಕು. ಪರದೇಶದ್ದಕ್ಕೆ ಆಮದು ನಿರ್ಬಂಧ, ಮೇಲೆ ಭಾರಿ ಸುಂಕ. ಫಿಲ್ಮ್ ರೋಲನ್ನು ದೇಶದಲ್ಲೇ ಮಾಡಬೇಕೆಂದು ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತು, ಕ್ಯಾಮೆರಾ ವಿಷಯದಲ್ಲಿ ಅಷ್ಟೂ ಆಗಲಿಲ್ಲ. ಯಾಶಿಕಾ, ನಿಕಾನ್ ಬೇಕಾದವರು ಮುಂಬೈಯ ಮನೀಷ್ ಮಾರ್ಕೆಟ್, ಹೀರಾ ಪನ್ನಾಗಳಲ್ಲಿ ಬಿಲ್ಲಿಲ್ಲದ ಮಾಲು ಹುಡುಕಬೇಕಿತ್ತು. ಇಲ್ಲವೇ ದುಬೈ, ಸಿಂಗಪುರಕ್ಕೆ ಹೋದ ನೆಂಟರಿಗೆ ಹೇಳಿ ತರಿಸಬೇಕಿತ್ತು. ಭಟ್ಕಳ, ಮಂಗಳೂರು ಕಡೆ ಕೊಲ್ಲಿಯಿಂದ ಬಂದವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಜತೆಗೆ ಕ್ಯಾಮೆರಾ ಇರುವುದು ವಾಡಿಕೆಯೇ ಆಗಿತ್ತು. ಕನ್ನಡದಲ್ಲಿ ಮೊದಲ ಬಾರಿಗೆ ವಿದೇಶದಲ್ಲಿ ಚಿತ್ರೀಕರಣಗೊಂಡ 'ಸಿಂಗಾಪುರದಲ್ಲಿ ರಾಜಾ ಕುಳ್ಳ' 1978ರಲ್ಲಿ ತೆರೆಗೆ ಬಂದಾಗ, ವಿಷ್ಣುವರ್ಧನ್, ದ್ವಾರಕೀಶ್ ಜೋಡಿಯಷ್ಟೇ ಕುತೂಹಲದಿಂದ ಜನ ನೋಡಿದ್ದು ಆ ಊರನ್ನು. ಅಂಥ ಊರಿನ ವಿಮಾನ ನಿಲ್ದಾಣದಲ್ಲಿ ಎಲ್ಲವೂ ಅಗ್ಗ ಎಂಬ ಭಾವನೆ ಗಟ್ಟಿಯಾಗಲು ಇನ್ನೇನು ಬೇಕು?

ಡ್ಯೂಟಿ ಫ್ರೀ ಎಂಬ ವ್ಯವಹಾರ ಹುಟ್ಟಿದ್ದು ಮಾತ್ರ ಸಿಂಗಪುರದಲ್ಲಲ್ಲ, ಐರ್ಲೆಂಡಿನ ಶಾನನ್‌ನಲ್ಲಿ. ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಅಲ್ಲಿ ಇಳಿಯುತ್ತಿದ್ದವು. ಪ್ರಯಾಣಿಕರು ಒಂದೆರಡು ತಾಸು ಸುಮ್ಮನೆ ಕುಳಿತಿರುತ್ತಿದ್ದರು. ಅವರು ಇನ್ನೂ ಐರ್ಲೆಂಡಿನ ಒಳಗೆ ಬಂದಿಲ್ಲ, ಆದ್ದರಿಂದ ಅವರಿಗೆ ಮಾರುವ ಮಾಲಿನ ಮೇಲೆ ದೇಶದ ತೆರಿಗೆ ಏಕೆ ಎಂಬ ಪ್ರಶ್ನೆಯನ್ನು ಬ್ರೆಂಡನ್ ಒ'ರೀಗನ್ ಎಂಬಾತ ಎತ್ತಿದ. 1947ರಲ್ಲಿ ಕಾನೂನು ಬಂತು, ಅಂಗಡಿಯೂ ತೆರೆಯಿತು. 1983ರ ಡಿಸೆಂಬರಿನಲ್ಲಿ ದುಬೈ ತನ್ನ ಡ್ಯೂಟಿ ಫ್ರೀ ಅಂಗಡಿ ತೆರೆದಾಗ ಅದನ್ನು ಕಟ್ಟಿಕೊಡಲು ಕರೆಸಿದ್ದೂ ಐರ್ಲೆಂಡಿನವರನ್ನೇ.

ಒ'ರೀಗನ್‌ನ ತರ್ಕದಲ್ಲೇ ಇಡೀ ವ್ಯವಹಾರದ ಮರ್ಮ ಇದೆ. ಡ್ಯೂಟಿ ಫ್ರೀ ಅಂಗಡಿಯ ಮಾಲು ಕಾನೂನಿನ ಕಣ್ಣಿನಲ್ಲಿ ದೇಶದ ಹೊರಗಿನದು. ಹೊರಗೇ ಉಳಿದರೆ ತೆರಿಗೆ ಇಲ್ಲ. ಅದೇ ಮಾಲು ಮರಳಿ ದೇಶದೊಳಗೆ ಬಂದರೆ? ಅದು ಆಮದು. ಚಾಕೊಲೇಟನ್ನು ದಾರಿಯಲ್ಲೇ ತಿಂದು ಮುಗಿಸಬಹುದು, ಸೆಂಟು ಮೂರು ತಿಂಗಳಲ್ಲಿ ಖಾಲಿಯಾಗಬಹುದು. ಕ್ಯಾಮೆರಾ ಹಾಗಲ್ಲ, ಕೊಂಡವರ ಜತೆಯಲ್ಲೇ ಘಟಪ್ರಭೆಯ ದಂಡೆಗೆ ವಾಪಸ್ ಬರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಹೊರದೇಶದಿಂದ ಬರುವ ಭಾರತೀಯ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಹೊಸ ವಸ್ತುಗಳ ಮಿತಿ 2014ರಲ್ಲಿ 35,000 ರೂಪಾಯಿಯಿಂದ 45,000ಕ್ಕೆ ಏರಿತು. 2016ರ ಬ್ಯಾಗೇಜ್ ನಿಯಮಗಳು ಅದನ್ನು 50,000 ಮಾಡಿದವು, 2026ರ ಫೆಬ್ರವರಿ ಆರಂಭದ ತನಕ ಅದೇ ನಡೆಯಿತು. ಆ ನಿಯಮದಡಿ ಮಿತಿ ಮೀರಿದ ಮೊತ್ತಕ್ಕೆ ಶೇ 35 ಸುಂಕ, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜು, ಒಟ್ಟು ಶೇ 38.5 ಬೀಳುತ್ತಿತ್ತು. ಆಗ ಮೂಡಲಗಿಯ ಒಬ್ಬ ನಿವೃತ್ತ ಮಾಸ್ತರರು 1,20,000 ರೂಪಾಯಿಯ ಕ್ಯಾಮೆರಾ ಕೊಂಡು ತಂದರೆಂದು ಇಟ್ಟುಕೊಳ್ಳಿ. 50,000 ಕಳೆದರೆ ಉಳಿದದ್ದು 70,000. ಅದರ ಮೇಲೆ 26,950 ರೂಪಾಯಿ ಕಟ್ಟಬೇಕಿತ್ತು. ಸಂಗಡ ಶ್ರೀಮತಿಯವರೂ ಬಂದಿದ್ದಾರಲ್ಲ, ಇಬ್ಬರ ಮಿತಿ ಸೇರಿಸಿದರೆ ಒಂದು ಲಕ್ಷ ಆಗುತ್ತದಲ್ಲ ಎಂಬ ಜಾಣ ಲೆಕ್ಕ ನಡೆಯುತ್ತಿರಲಿಲ್ಲ. ಒಬ್ಬರ ಮಿತಿಯನ್ನು ಇನ್ನೊಬ್ಬರದಕ್ಕೆ ಕೂಡಿಸುವಂತಿಲ್ಲ ಎಂದು ನಿಯಮದಲ್ಲೇ ಬರೆದಿತ್ತು. ಹದಿನೆಂಟು ತುಂಬಿದವರಿಗೆ ಒಂದು ಲ್ಯಾಪ್‌ಟಾಪ್ ಮಿತಿಯ ಹೊರಗೆ ಬಿಟ್ಟಿ, ಕ್ಯಾಮೆರಾಕ್ಕೆ ಆ ಭಾಗ್ಯವಿಲ್ಲ. ಸರ್ಕಾರ ಈ ಅಂಕಿಗಳನ್ನು ಆಗಾಗ ಬದಲಿಸುತ್ತದೆ. ಹೊರಡುವ ವಾರದಲ್ಲಿ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ಅಂದಿನ ಮಿತಿ, ಅಂದಿನ ದರ ನೋಡಿಕೊಳ್ಳುವುದು ಲೇಸು.

ಅತ್ತ ಊರಿನಲ್ಲಿ ಕೊಂಡರೆ ಏನು ಹೋಗುತ್ತದೆ? 2018ರ ಡಿಸೆಂಬರ್ ತನಕ ಡಿಜಿಟಲ್ ಕ್ಯಾಮೆರಾದ ಮೇಲೆ ಜಿಎಸ್‌ಟಿ ಶೇ 28 ಇತ್ತು. 2019ರ ಜನವರಿ 1ರಿಂದ ಶೇ 18ಕ್ಕೆ ಇಳಿಯಿತು. ಹಬ್ಬದ ಕಾಲದ ರಿಯಾಯಿತಿ, ಕಂಪನಿಯ ಕ್ಯಾಶ್‌ಬ್ಯಾಕ್, ಜತೆಗೆ ಬರುವ ಬ್ಯಾಗು, ಕಾರ್ಡು ಇವನ್ನೆಲ್ಲ ಕಳೆದರೆ ಬೆಳಗಾವಿಯ ಅಂಗಡಿಗೂ ಹೊರದೇಶದ ಅಂಗಡಿಗೂ ಇರುವ ಅಂತರ ಜನ ಊಹಿಸುವಷ್ಟು ದೊಡ್ಡದಲ್ಲ. ಹೊರದೇಶದಲ್ಲಿ ನಮ್ಮ ಬ್ಯಾಂಕಿನ ಕಾರ್ಡು ಉಜ್ಜಿದರೆ ವಿದೇಶಿ ವಿನಿಮಯದ ಹೆಸರಿನಲ್ಲಿ ಶೇ 2ರಿಂದ 3.5ರ ತನಕ ಹೋಗುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಗೊಂದಲವಿದೆ. ವಿಮಾನ ನಿಲ್ದಾಣದ ಒಳಗಿರುವ ಅಂಗಡಿಗಳೆಲ್ಲ ಡ್ಯೂಟಿ ಫ್ರೀ ಅಲ್ಲ. ಎಲೆಕ್ಟ್ರಾನಿಕ್ಸ್ ಮಾರುವ ಅನೇಕ ಮಳಿಗೆಗಳು ಸುಂಕ, ಜಿಎಸ್‌ಟಿ ಎಲ್ಲ ಸೇರಿದ ಬೆಲೆಗೇ ಮಾರುತ್ತವೆ. ಅಲ್ಲಿ ಒಂದು ರಕ್ಷಣೆ ಮಾತ್ರ ಉಂಟು: ಒಂದೇ ವಸ್ತುವಿಗೆ ಊರಿನಲ್ಲೊಂದು, ನಿಲ್ದಾಣದಲ್ಲೊಂದು ಎಂದು ಎರಡು ಎಂಆರ್‌ಪಿ ಅಚ್ಚು ಹಾಕುವುದನ್ನು 2018ರ ಜನವರಿಯಿಂದ ನಿಷೇಧಿಸಲಾಗಿದೆ. ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಸರಿ. ಕಡಿಮೆಗೆ ಕೊಡಬೇಕೆಂದೇನೂ ಇಲ್ಲವಲ್ಲ. ಊರಿನ ಅಂಗಡಿಯಲ್ಲಿ ನಡೆಯುವ "ಸ್ವಲ್ಪ ನೋಡ್ರಿ, ಕಾಯಂ ಗಿರಾಕಿ ಅದೀವಿ" ಎಂಬ ಚೌಕಾಸಿ ಅಲ್ಲಿ ನಡೆಯದು.

ನಿಜವಾದ ಡ್ಯೂಟಿ ಫ್ರೀಯಲ್ಲಿ ಏನಿದೆ ಎಂದು ನೋಡಿದರೆ ಮದ್ಯ, ಸಿಗರೇಟು, ಸೆಂಟು, ಚಾಕೊಲೇಟು. ಕ್ಯಾಮೆರಾ ಸಾಲು ಎಲ್ಲೋ ಮೂಲೆಯಲ್ಲಿ, ಇದ್ದರೆ ಇತ್ತು. ಇದು ಭಾರತದ ಕಥೆ ಮಾತ್ರವಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಸುಮಾರು 77 ಲಕ್ಷ. ಜೇಬಿನಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾಗಳನ್ನು ಫೋನು ನುಂಗಿತು. ವಿಮಾನ ನಿಲ್ದಾಣದಲ್ಲಿ ಆತುರಕ್ಕೆ ಕೊಳ್ಳುತ್ತಿದ್ದದ್ದು ಅಂಥವನ್ನೇ. ಬ್ರಿಟನ್ನಿನಲ್ಲಿ ಇದಕ್ಕೆ ಇನ್ನೊಂದು ಪೆಟ್ಟು ಬಿತ್ತು. ಹೀಥ್ರೂ ಮುಂತಾದ ನಿಲ್ದಾಣಗಳಲ್ಲಿ ಕ್ಯಾಮೆರಾ, ಹೆಡ್‌ಫೋನುಗಳಿಗೆ ಹೆಸರಾಗಿದ್ದ ಡಿಕ್ಸನ್ಸ್ ಟ್ರಾವೆಲ್ ಅಂಗಡಿಗಳು 2021ರಲ್ಲಿ ಬಾಗಿಲು ಹಾಕಿದವು. ಆ ವರ್ಷದ ಜನವರಿ 1ರಿಂದ ಅಲ್ಲಿನ ಸರ್ಕಾರ ನಿಲ್ದಾಣದೊಳಗೆ ಎಲೆಕ್ಟ್ರಾನಿಕ್ಸ್ ಮೇಲಿನ ತೆರಿಗೆ ವಿನಾಯಿತಿಯನ್ನೂ ಪ್ರವಾಸಿಗರಿಗೆ ತೆರಿಗೆ ಮರಳಿಸುವ ಪದ್ಧತಿಯನ್ನೂ ನಿಲ್ಲಿಸಿತ್ತು. ಲಂಡನ್‌ಗೆ ಹೋಗಿ ಕ್ಯಾಮೆರಾ ಕೊಳ್ಳುವ ಕಾರಣವೇ ಇಲ್ಲವಾಯಿತು.

ಹಾಗಾದರೆ ವಿಮಾನ ನಿಲ್ದಾಣಕ್ಕೂ ಕ್ಯಾಮೆರಾಕ್ಕೂ ಸಂಬಂಧವೇ ಇಲ್ಲವೆ? ಇದೆ, ಅಂಗಡಿಯಲ್ಲಲ್ಲ, ಕಸ್ಟಮ್ಸ್ ಕೌಂಟರಿನಲ್ಲಿ.

ಊರಿನಿಂದ ಬೆಲೆಬಾಳುವ ಕ್ಯಾಮೆರಾ ಒಯ್ದವರು ಮೂರು ತಿಂಗಳ ಮೇಲೆ ಮರಳಿದಾಗ, "ಇದು ಅಲ್ಲಿ ಕೊಂಡದ್ದಲ್ಲ, ಇಲ್ಲಿಂದಲೇ ಒಯ್ದದ್ದು" ಎಂದು ತೋರಿಸುವುದು ಹೇಗೆ? ಅದಕ್ಕೆಂದೇ ಇರುವ ಕಾಗದದ ಹೆಸರು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಕ್ಯಾಮೆರಾ ಕೈಚೀಲದಲ್ಲಿರಬೇಕು, ಚೆಕ್‌ಇನ್ ಸೂಟ್‌ಕೇಸಿನೊಳಗೆ ಸೇರಿಸಿ ಬೆಲ್ಟಿಗೆ ಬಿಟ್ಟ ಮೇಲೆ ಅಧಿಕಾರಿಗೆ ತೋರಿಸಲಾಗದು. ಕೌಂಟರಿನಲ್ಲಿ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಅಂಗಡಿಯ ಬಿಲ್ಲು ಕೊಡಬೇಕು. ಅಧಿಕಾರಿ ಕ್ಯಾಮೆರಾವನ್ನು ತಲೆಕೆಳಗು ಮಾಡುತ್ತಾರೆ, ಏಕೆಂದರೆ ಸೀರಿಯಲ್ ನಂಬರ್ ಸಾಮಾನ್ಯವಾಗಿ ತಳಭಾಗದಲ್ಲಿ, ಟ್ರೈಪಾಡ್ ತಿರುಪಿನ ಹತ್ತಿರ ಸಣ್ಣ ಅಕ್ಷರದಲ್ಲಿರುತ್ತದೆ. ಕನ್ನಡಕ ಏರಿಸಿ ಓದಬೇಕಾದಷ್ಟು ಸಣ್ಣದು. ಲೆನ್ಸಿಗೆ ಬೇರೆಯದೇ ನಂಬರು. ಕಂಪನಿ, ಮಾದರಿ, ಎರಡೂ ನಂಬರು ಬರೆದು ಸಹಿ, ಮೊಹರು ಹಾಕಿ ಕೊಡುತ್ತಾರೆ. ಬಿಲ್ಲಿನಲ್ಲಿಯೂ ಅದೇ ನಂಬರು ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಆದ್ದರಿಂದ ಗೋಕಾಕದಲ್ಲೋ ಬೆಳಗಾವಿಯಲ್ಲೋ ಕೊಳ್ಳುವಾಗಲೇ ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. "ಬಿಲ್ ಇಲ್ಲದಿದ್ರ ಎರಡು ಸಾವಿರ ಕಡಿಮಿ ಆಕ್ಕೈತಿ" ಎಂಬ ಆಮಿಷಕ್ಕೆ ಬಿದ್ದವರಿಗೆ ಈ ದಾರಿ ಮುಚ್ಚಿದಂತೆಯೇ.

2024ರ ಜುಲೈಯಲ್ಲಿ ಇದೇ ವಿಷಯ ಸುದ್ದಿಯಾಗಿತ್ತು. ವಿದೇಶಕ್ಕೆ ಹೋಗುವವರೆಲ್ಲ ತಮ್ಮ ಬೆಲೆಬಾಳುವ ವಸ್ತುಗಳನ್ನು ಮೊದಲೇ ಘೋಷಿಸಬೇಕಂತೆ ಎಂಬ ಗುಲ್ಲು ಹಬ್ಬಿ, ಜನ ಸಿಟ್ಟಿಗೆದ್ದರು. ಆಗ ಕೇಂದ್ರ ಸುಂಕ ಮಂಡಳಿ ಸ್ಪಷ್ಟನೆ ನೀಡಿತು: ಇದು 1990ರಿಂದಲೂ ಇರುವ ಅನುಕೂಲ, ಕಡ್ಡಾಯವಲ್ಲ. ದುಬಾರಿ ಕ್ಯಾಮೆರಾ ಒಯ್ದು ಮರಳಿ ತರುವವರಿಗೆ ತೊಂದರೆಯಾಗದಿರಲೆಂದೇ ಇರುವ ವ್ಯವಸ್ಥೆ. ಎರಡು ವರ್ಷ ಬಳಸಿ ಸವೆದ ಕ್ಯಾಮೆರಾಕ್ಕೆ ಇದು ಬೇಕಾಗಲಿಕ್ಕಿಲ್ಲ. ಹೊಸ ಬಾಡಿ, ಜತೆಗೆ ದೊಡ್ಡ ಲೆನ್ಸ್ ಇರುವವರು ಅರ್ಧ ಗಂಟೆ ಮುಂಚೆ ಹೋಗಿ ಮಾಡಿಸಿಕೊಳ್ಳುವುದೇ ಚೆನ್ನ. ಚಿತ್ರತಂಡಗಳು ಪೆಟ್ಟಿಗೆಗಟ್ಟಲೆ ಸಲಕರಣೆ ಒಯ್ಯುವಾಗ ಇದರ ದೊಡ್ಡಣ್ಣನಂಥ ಎಟಿಎ ಕಾರ್ನೆ ಎಂಬ ದಾಖಲೆ ಪಡೆಯುತ್ತವೆ. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯ ಸಂಸ್ಥೆಗಳ ಒಕ್ಕೂಟವಾದ ಫಿಕ್ಕಿ.

ಸುಂಕದ ಕಾನೂನು ಕ್ಯಾಮೆರಾದ ಹೊಟ್ಟೆಯೊಳಗೂ ಕೈಯಾಡಿಸಿದೆ ಎಂದರೆ ಹಲವರಿಗೆ ಅಚ್ಚರಿಯಾದೀತು. ಹಲವು ಕ್ಯಾಮೆರಾಗಳು ವಿಡಿಯೊ ತೆಗೆಯುತ್ತ 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಂತುಬಿಡುತ್ತಿದ್ದವು. ಮದುವೆ ವಿಡಿಯೊ ಮಾಡುವವರು ಅಕ್ಷತೆ ಹೊತ್ತಿಗೆ ಸರಿಯಾಗಿ ಹೀಗಾಗಿ ಬೈದುಕೊಂಡದ್ದುಂಟು. ಕಾರಣ ಯಂತ್ರದ ದೋಷವಲ್ಲ. ಯುರೋಪಿನ ಸುಂಕ ನಿಯಮದಲ್ಲಿ ಒಂದೇ ಓಟಕ್ಕೆ 30 ನಿಮಿಷ ಚಿತ್ರೀಕರಿಸುವ ಯಂತ್ರ 'ವಿಡಿಯೊ ಕ್ಯಾಮೆರಾ' ಎನಿಸಿಕೊಂಡು ಸುಂಕಕ್ಕೆ ಬೀಳುತ್ತಿತ್ತು. ಒಂದು ಸೆಕೆಂಡು ಕಡಿಮೆಯಾದರೆ ಸ್ಥಿರಚಿತ್ರದ ಕ್ಯಾಮೆರಾ, ಸುಂಕವಿಲ್ಲ. ಭಾರತದಲ್ಲೂ ಇಂಥದೇ ಜಗಳ ನಡೆಯಿತು. ಕ್ಯಾನನ್ ಇಂಡಿಯಾ 2012ರಲ್ಲಿ ತರಿಸಿದ ಕ್ಯಾಮೆರಾಗಳು ಸುಂಕ ವಿನಾಯಿತಿಗೆ ಅರ್ಹವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2021ರ ಮಾರ್ಚ್ 9ರಂದು ಕಂಪನಿಯ ಪರ ತೀರ್ಪು ಬಂತು. ನೋಟಿಸು ಕೊಡುವ ಅಧಿಕಾರ ಯಾವ ಅಧಿಕಾರಿಗೆ ಇದೆ ಎಂಬುದೇ ಆ ತೀರ್ಪಿನ ಮುಖ್ಯ ಪ್ರಶ್ನೆಯಾಗಿತ್ತು. 2024ರ ನವೆಂಬರಿನಲ್ಲಿ ಮರುಪರಿಶೀಲನೆಯಾಗಿ ಆ ನಿಲುವು ತಿರುಗಿತು.

ಇಷ್ಟೆಲ್ಲ ರೂಪಾಯಿ, ಸುಂಕದ ಮಾತು. ನಿಲ್ದಾಣದಲ್ಲಿ ಕೊಂಡ ಕ್ಯಾಮೆರಾದ ದೊಡ್ಡ ದೋಷ ಬೆಲೆಯಲ್ಲಿಲ್ಲ, ಹೊತ್ತಿನಲ್ಲಿದೆ. ಗೇಟಿನ ಹತ್ತಿರ ಕುಳಿತು ಪೆಟ್ಟಿಗೆ ಬಿಚ್ಚಿದರೆ ಬ್ಯಾಟರಿಯಲ್ಲಿ ಅರೆಬರೆ ಚಾರ್ಜು. ಮೆಮೊರಿ ಕಾರ್ಡ್ ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ, ಬೇರೆ ಕೊಳ್ಳಬೇಕು. ಇತ್ತೀಚಿನ ಕೆಲವು ಮಾದರಿಗಳಲ್ಲಿ ಚಾರ್ಜರನ್ನೂ ಕೊಡುವುದಿಲ್ಲ, ಒಂದು ಕೇಬಲ್ ಮಾತ್ರ. ಮೆನು ತೆರೆದರೆ ಪುಟದ ಮೇಲೆ ಪುಟ. ಸುತ್ತ ಕೊನೆಯ ಕರೆ ಕೂಗುತ್ತಿರುತ್ತದೆ. ಇಳಿದ ಊರಿನಲ್ಲಿ ನಿದ್ದೆಗೆಟ್ಟ ಮೊದಲ ದಿನವೇ ಚೆಂದದ ಬೆಳಕು ಬಿದ್ದಿದ್ದರೂ ಕೈಯಲ್ಲಿರುವ ಯಂತ್ರ ಮಾತ್ರ ಅಪರಿಚಿತ.

ಗೋಕಾಕ ಸೀಮೆಯವರ ಅದೃಷ್ಟವೆಂದರೆ ತಾಲೀಮಿಗೆ ಬೇಕಾದದ್ದೆಲ್ಲ ಮನೆಯ ಸುತ್ತಲೇ ಇದೆ.

ಗೋಕಾಕ ಜಲಪಾತವನ್ನೇ ತೆಗೆದುಕೊಳ್ಳಿ. ಘಟಪ್ರಭೆ ಇಲ್ಲಿ 52 ಮೀಟರ್ ಆಳಕ್ಕೆ, ಕುದುರೆ ಲಾಳದ ಆಕಾರದಲ್ಲಿ ಧುಮುಕುತ್ತದೆ. ನಯಾಗರದ ಲಾಳಾಕಾರದ ಭಾಗದ ಎತ್ತರ ಸುಮಾರು 57 ಮೀಟರ್. ಅಗಲದಲ್ಲಿ ಎರಡಕ್ಕೂ ಹೋಲಿಕೆ ಇಲ್ಲ, ಆದರೆ ಫೋಟೊ ತೆಗೆಯುವವನ ಕಷ್ಟ ಎರಡೂ ಕಡೆ ಒಂದೇ: ಲೆನ್ಸಿನ ಮೇಲೆ ಕೂರುವ ತುಂತುರು, ಕಪ್ಪು ಬಂಡೆಯ ನಡುವೆ ಕಣ್ಣು ಕುಕ್ಕುವ ನೊರೆ. ಜುಲೈ, ಆಗಸ್ಟಿನಲ್ಲಿ ತಡೆಗೋಡೆಯ ಈಚೆ ನಿಂತು ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕೆ ಇಟ್ಟರೆ ಒಂದೊಂದು ಹನಿಯೂ ಗಾಳಿಯಲ್ಲಿ ನಿಂತಂತೆ ಬರುತ್ತದೆ. 1/4 ಸೆಕೆಂಡಿಗೆ ಇಳಿಸಿ, ಕ್ಯಾಮೆರಾವನ್ನು ಕಟ್ಟೆಯ ಮೇಲೆ ಒತ್ತಿ ಹಿಡಿದರೆ ನೀರು ಜರಿಯ ಸೀರೆಯಂತೆ ಇಳಿಬೀಳುತ್ತದೆ. ಹಗಲಿನಲ್ಲಿ ಹಾಗೆ ಮಾಡಿದರೆ ಚಿತ್ರ ಬೆಳ್ಳಗಾಗಿ ಕೆಟ್ಟುಹೋಗುವುದೂ ಉಂಟು; ಬೆಳಕನ್ನು ತಗ್ಗಿಸುವ ಕಪ್ಪು ಫಿಲ್ಟರ್ ಬೇಕೆಂಬುದು ಆಗ ಗೊತ್ತಾಗುತ್ತದೆ. ಅದನ್ನು ಬೆಳಗಾವಿಯಿಂದ ತರಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ. ನೊರೆ ಪೂರ್ತಿ ಬಿಳಿ ಕಲೆಯಾಗಿ ಬಂದರೆ ಎಕ್ಸ್‌ಪೋಷರನ್ನು ಮೈನಸ್ ಕಡೆಗೆ ಒಂದೆರಡು ಮೆಟ್ಟಿಲು ತಿರುಗಿಸಬೇಕು. ಲೆನ್ಸ್ ಒರೆಸಲು ಪಂಚೆಯ ತುದಿ ಬೇಡ, ಮೆತ್ತನೆಯ ಲೆನ್ಸ್ ಬಟ್ಟೆಯೇ ಆಗಬೇಕು. ಮಳೆಗಾಲದ ಘಟಪ್ರಭೆಯದು ಕೆಮ್ಮಣ್ಣಿನ ಬಣ್ಣ, ನಯಾಗರದ್ದು ಹಸಿರು ಮಿಶ್ರಿತ ಬಿಳಿ. ಆದ್ದರಿಂದ ಬಣ್ಣದ ಪಾಠ ಅಲ್ಲಿಯೇ ಆಗಬೇಕು.

ಹಿಮಕ್ಕೆ ಏನು ಮಾಡುವುದು? ಹುಕ್ಕೇರಿಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆ ಸಾಕು. ಅದನ್ನು ಬಿಸಿಲಿನಲ್ಲಿ ಚೌಕಟ್ಟಿನ ತುಂಬ ಬರುವಂತೆ ತೆಗೆದರೆ ಪಂಚೆ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಎದುರಿಗಿರುವುದೆಲ್ಲ ನಡುಮಧ್ಯದ ಬೂದಿ ಎಂದು ಕ್ಯಾಮೆರಾದ ಮೀಟರ್ ತಿಳಿಯುವುದೇ ಇದಕ್ಕೆ ಕಾರಣ. ಇಲ್ಲಿ ಎಕ್ಸ್‌ಪೋಷರನ್ನು ಪ್ಲಸ್ 1ಕ್ಕೆ ಏರಿಸಬೇಕು, ಜಲಪಾತಕ್ಕೆ ಮಾಡಿದ್ದರ ತದ್ವಿರುದ್ಧ. ಸ್ವಿಟ್ಜರ್ಲೆಂಡಿನಿಂದ ಬಂದ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಹಿಮ ಸಿಮೆಂಟಿನ ಬಣ್ಣಕ್ಕಿರುವುದು ಈ ಒಂದು ಗುಂಡಿ ಒತ್ತದ್ದರಿಂದ.

ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಒಳಗೆ ನಸುಗತ್ತಲು, ಬಾಗಿಲಲ್ಲಿ ಧಗಧಗಿಸುವ ಬಿಸಿಲು. ಯುರೋಪಿನ ಹಳೆಯ ಚರ್ಚುಗಳಲ್ಲೂ ಇದೇ ಬೆಳಕು, ಫ್ಲ್ಯಾಶ್‌ಗೂ ಟ್ರೈಪಾಡಿಗೂ ಅನೇಕ ಕಡೆ ಅನುಮತಿ ಇಲ್ಲ. ಐಎಸ್‌ಒ 3200ಕ್ಕೆ ಏರಿಸಿ, ಕಂಬಕ್ಕೆ ಭುಜ ಆನಿಸಿ, ಉಸಿರು ಬಿಗಿಹಿಡಿದು 1/30 ಸೆಕೆಂಡಿನಲ್ಲಿ ತೆಗೆದದ್ದು ಅಲುಗಾಡದೆ ಬರುತ್ತದೆಯೇ ಎಂದು ಗುಮ್ಮಟದೊಳಗೇ ಪರೀಕ್ಷಿಸಬಹುದು. ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿ ಎರಡು ಹಂತದಲ್ಲಿ ಬೀಳುತ್ತದೆ, ಅಗಲ ಕೋನದ ಲೆನ್ಸಿನ ಪರೀಕ್ಷೆಗೆ ಅದು ಸರಿ. ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದಾಗ ಮುಳುಗಿದ್ದ ವಿಠ್ಠಲ ಗುಡಿ ಹೊರಬರುತ್ತದೆ. ಸಂಜೆಯ ಓರೆ ಬೆಳಕು ಕಲ್ಲಿನ ಮೇಲೆ ಏನು ಮಾಡುತ್ತದೆಂದು ನೋಡಲು ಬೇರೆ ಪಾಠಶಾಲೆ ಬೇಡ. ಮೂಡಲಗಿಯ ದನದ ಸಂತೆಯಲ್ಲಿ ಓಡುವ ಎಮ್ಮೆಯ ಮೇಲೆ ಫೋಕಸ್ ನಿಲ್ಲಿಸುವುದನ್ನು ಕಲಿಯಬಹುದು. ಅದಕ್ಕಿಂತ ಮುಖ್ಯವಾದದ್ದೂ ಅಲ್ಲಿ ಕಲಿಯಲು ಸಿಗುತ್ತದೆ: ಅಪರಿಚಿತರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು "ಫೋಟೊ ತಗೀಲ್ಯಾ, ಕಾಕಾ?" ಎಂದು ಕೇಳುವುದು.

ವಿದ್ಯುತ್ ದೀಪದ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಅಮೆರಿಕದಲ್ಲಿ 60. ಇಲ್ಲಿ 1/50 ಸೆಕೆಂಡಿನ ಶಟರಿಗೆ ಹೊಂದಿಸಿದ ವಿಡಿಯೊ ಅಲ್ಲಿನ ಟ್ಯೂಬ್‌ಲೈಟಿನಡಿ ಪಟ್ಟೆಪಟ್ಟೆಯಾಗಿ ಮಿನುಗಬಹುದು, ಅಲ್ಲಿ 1/60ಕ್ಕೆ ತಿರುಗಿಸಬೇಕು. ಜಪಾನಿನಲ್ಲಂತೂ ಪೂರ್ವದಲ್ಲಿ 50, ಪಶ್ಚಿಮದಲ್ಲಿ 60.

ವಿದೇಶದಲ್ಲೇ ಕೊಳ್ಳುವುದು ಲಾಭವಾಗುವ ಸಂದರ್ಭಗಳೂ ಇಲ್ಲದಿಲ್ಲ. ನಾಲ್ಕೈದು ವರ್ಷ ಅಲ್ಲೇ ಇರಲು ಹೊರಟವರು ಅಲ್ಲಿಯೇ ಕೊಳ್ಳುವುದು ಸರಿ. ನಮ್ಮಲ್ಲಿ ಕೊಂಡ ಕ್ಯಾಮೆರಾದ ವಾರಂಟಿ ಬಹುಮಟ್ಟಿಗೆ ಇಲ್ಲಿಗೇ ಸೀಮಿತ, ಅಲ್ಲಿ ಕೆಟ್ಟರೆ ರಿಪೇರಿಯ ಖರ್ಚು ಕೈಯಿಂದಲೇ. ಕೃಷ್ಣಾನಂದ ಕಾಮತರು ಹೋಗಿದ್ದು ಅಂಥ ದೀರ್ಘ ವಾಸಕ್ಕೆ. ಹೊನ್ನಾವರದ ಈ ವಿಜ್ಞಾನಿ 1960ರ ದಶಕದಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಪಿಎಚ್‌ಡಿ ಮಾಡಿ ಮರಳಿ, 'ನಾನೂ ಅಮೆರಿಕೆಗೆ ಹೋಗಿದ್ದೆ' ಬರೆದರು. ಬರಹದಷ್ಟೇ ಫೋಟೊಗಳಿಂದಲೂ ಹೆಸರಾದರು. ಇಂದು ಜಪಾನ್ ಪ್ರವಾಸಿಗರಿಗೆ ಶೇ 10 ಬಳಕೆ ತೆರಿಗೆಯ ವಿನಾಯಿತಿ ಕೊಡುತ್ತದೆ; 2026ರ ನವೆಂಬರಿನಿಂದ ಮೊದಲು ತೆರಿಗೆ ಕಟ್ಟಿ, ಹೊರಡುವಾಗ ವಾಪಸ್ ಪಡೆಯುವ ಪದ್ಧತಿ. ಸಿಂಗಪುರದಲ್ಲಿ 2024ರಿಂದ ತೆರಿಗೆ ಶೇ 9, ನೂರು ಡಾಲರ್ ದಾಟಿದ ಬಿಲ್ಲಿಗೆ ಮರುಪಾವತಿ ಉಂಟು. ಆದರೆ ಜಪಾನಿನ ಅಂಗಡಿಯಲ್ಲಿ ಕಣ್ಣು ತೆರೆದಿರಬೇಕು. ಆ ದೇಶಕ್ಕೆಂದೇ ಮಾಡಿದ ಸೋನಿಯ ಬಹುತೇಕ ಕ್ಯಾಮೆರಾಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ. ಅಗ್ಗಕ್ಕೆ ಸಿಕ್ಕಿತೆಂದು ತಂದವರು ಮನೆಗೆ ಬಂದು ಚಿತ್ರಲಿಪಿ ನೋಡುತ್ತ ಕೂರಬೇಕಾಗುತ್ತದೆ.

ಮಗನಿಗೆ ಉಡುಗೊರೆ ಎಂದು ಇಲ್ಲಿಂದ ಸೀಲು ಒಡೆಯದ ಕ್ಯಾಮೆರಾ ಒಯ್ಯುವ ಅಪ್ಪಂದಿರು ಇನ್ನೊಂದನ್ನು ನೆನಪಿಡಬೇಕು. ಸ್ವಂತಕ್ಕೆ ಬಳಸಿ ಮರಳಿ ತರುವ ಕ್ಯಾಮೆರಾಕ್ಕೆ ಜರ್ಮನಿಯಲ್ಲಿ ತಕರಾರಿಲ್ಲ. ಅಲ್ಲಿ ಬಿಟ್ಟುಬರುವ ಉಡುಗೊರೆಗೆ ಮಾತ್ರ ವಿಮಾನದಲ್ಲಿ ಬಂದವರಿಗೆ ಯುರೋಪಿನ ಒಕ್ಕೂಟ ಇಟ್ಟಿರುವ ಮಿತಿ 430 ಯೂರೊ. ಅದಕ್ಕೆ ಮೇಲಾದರೆ ಅಲ್ಲಿನ ಕಸ್ಟಮ್ಸಿಗೂ ಲೆಕ್ಕ ಒಪ್ಪಿಸಬೇಕು.

ಡ್ರೋನ್ ವಿಷಯದಲ್ಲಿ ಮಿತಿ, ಸುಂಕದ ಮಾತೇ ಇಲ್ಲ. ವಿದೇಶಿ ಡ್ರೋನುಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿ 9ರಂದು ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ದುಬೈ ನಿಲ್ದಾಣದಲ್ಲಿ ಗಾಜಿನ ಕಪಾಟಿನೊಳಗೆ ಎಷ್ಟೇ ಆಕರ್ಷಕವಾಗಿ ಕಂಡರೂ ಅದು ಗೋಕಾಕ ಜಲಪಾತದ ಮೇಲೆ ಹಾರುವ ಮೊದಲೇ ಕಸ್ಟಮ್ಸ್ ಗೋದಾಮಿನಲ್ಲಿ ಇಳಿಯುತ್ತದೆ.

ನಿಲ್ದಾಣದ ಅಂಗಡಿಯಲ್ಲಿ ಕೊಳ್ಳಲು ಯೋಗ್ಯವಾದವು ಸಣ್ಣಪುಟ್ಟವು. ಮರೆತ ಮೆಮೊರಿ ಕಾರ್ಡ್, ಇಂಗ್ಲೆಂಡಿನ ಮೂರು ಚಪ್ಪಟೆ ಕಡ್ಡಿಯ ಪ್ಲಗ್ಗಿಗೆ ಹೊಂದುವ ಅಡಾಪ್ಟರ್, ಕ್ಯಾಮೆರಾ ಬೆಲ್ಟು. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ನೂರು ವ್ಯಾಟ್-ಅವರ್ ತನಕ ಅನುಮತಿ ಇದೆ, 7.2 ವೋಲ್ಟಿನ ಸಾಮಾನ್ಯ ಕ್ಯಾಮೆರಾ ಬ್ಯಾಟರಿ ಸುಮಾರು 14 ವ್ಯಾಟ್-ಅವರ್ ಮಾತ್ರ, ಭಯವಿಲ್ಲ. ಹಳೆಯ ಫಿಲ್ಮ್ ಕ್ಯಾಮೆರಾದ ಗೀಳು ಹತ್ತಿಸಿಕೊಂಡ ಹುಡುಗರು ಮಾತ್ರ ಹೊಸ ಸಿಟಿ ಸ್ಕ್ಯಾನರುಗಳ ಬಗ್ಗೆ ಎಚ್ಚರವಿರಬೇಕು. ರೋಲುಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಕೈಯಿಂದ ಪರೀಕ್ಷಿಸುವಂತೆ ಮೊದಲೇ ಕೇಳಿಕೊಳ್ಳಬೇಕು. ಡಿಜಿಟಲ್ ಕಾರ್ಡಿಗೆ ಆ ಕಿರಣದಿಂದ ಏನೂ ಆಗದು.

ಒಂದು ಪ್ರವಾಸಕ್ಕಾಗಿ ಲಕ್ಷ ರೂಪಾಯಿ ಏಕೆ ಎನ್ನುವವರಿಗೆ ಫೋಟೊ ಸ್ಟುಡಿಯೊಗಳಿಂದ ಬಾಡಿಗೆಗೆ ಒಯ್ಯುವ ದಾರಿಯೂ ಇದೆ. ಮದುವೆ ಸೀಸನ್ ಮುಗಿದ ಮೇಲೆ ಸ್ಟುಡಿಯೊಗಳ ಕ್ಯಾಮೆರಾಗಳು ಕಪಾಟಿನಲ್ಲೇ ಇರುತ್ತವೆ, ಗುರುತಿನವರಿಗೆ ಕೊಡಲು ಒಪ್ಪುತ್ತಾರೆ. ಬಿಲ್ಲು ಸ್ಟುಡಿಯೊ ಹೆಸರಿನಲ್ಲಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಬಿಲ್ಲಿನ ಪ್ರತಿಯ ಜತೆಗೆ, ಇಂಥ ನಂಬರಿನ ಬಾಡಿ, ಇಂಥ ನಂಬರಿನ ಲೆನ್ಸನ್ನು ಇಂಥವರಿಗೆ ಇಷ್ಟು ದಿನಕ್ಕೆ ಕೊಟ್ಟಿದ್ದೇವೆ ಎಂಬ ಪತ್ರವನ್ನು ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ ಬರೆಸಿ ಸಹಿ ಹಾಕಿಸಿಕೊಂಡರೆ ಕಸ್ಟಮ್ಸ್ ಕೌಂಟರಿನಲ್ಲಿ ಹೆಚ್ಚು ಮಾತಿಗೆ ಎಡೆಯಿರುವುದಿಲ್ಲ.